ಮನೆ ಮಾರಿದ ಮೇಲೆ, ಹೊಸದು ಕೊಳ್ಳುವ ಮುನ್ನ: ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ತಾತ್ಕಾಲಿಕ ಬಾಡಿಗೆ ಮನೆ

ದೇವದುರ್ಗ, ಮಾನ್ವಿಯ ಮನೆ ಮಾರಿ ರಾಯಚೂರಿಗೆ ಬರುವ ಕುಟುಂಬಗಳು ನಮ್ಮಲ್ಲಿ ಕಡಿಮೆಯಿಲ್ಲ. ಕೆಲವರು ಮಕ್ಕಳ ಓದಿಗೆ, ಕೆಲವರು ಹಿರಿಯರ ಚಿಕಿತ್ಸೆಗೆ ಬರುತ್ತಾರೆ. ಅಣ್ಣತಮ್ಮಂದಿರ ಪಾಲಾದ ಮೇಲೆ ಮನೆ ಮಾರಿ ಬರುವವರೂ ಇದ್ದಾರೆ. ಹಳೆಯ ಮನೆ ಬಿಡುವುದು, ಹೊಸ ಮನೆ ಸೇರುವುದು ಎರಡೂ ಒಂದೇ ವಾರದಲ್ಲಿ ಆಗುವುದು ಅಪರೂಪ. ನಡುವಿನ ಕೆಲವು ತಿಂಗಳು ಎಲ್ಲಿರಬೇಕು ಎಂಬ ಪ್ರಶ್ನೆಯನ್ನು ಬಹಳಷ್ಟು ಮಂದಿ ಖರೀದಿ ಪತ್ರ ನೋಂದಣಿಯಾದ ಮೇಲೆ ಕೇಳಿಕೊಳ್ಳುತ್ತಾರೆ. ಅದನ್ನು ಬಯಾನಾ ತೆಗೆದುಕೊಳ್ಳುವ ಮೊದಲೇ ಕೇಳಿಕೊಂಡರೆ ಹಣವೂ ಉಳಿಯುತ್ತದೆ, ಅವಸರದಲ್ಲಿ ತಪ್ಪು ಮನೆ ಕೊಳ್ಳುವುದೂ ತಪ್ಪುತ್ತದೆ.

ನಡುವಿನ ಅವಧಿ ಉದ್ದವಾಗುವುದು ಏಕೆ?

ಮೊದಲನೆಯದು, ಹಣ ಬರುವ ಹೊತ್ತು. ಮಾನ್ವಿಯ ವ್ಯಾಪಾರ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತವನ್ನು ನಂಬಿದೆ. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು, ಹತ್ತಿ, ತೊಗರಿ. ಮನೆ ಕೊಳ್ಳುವವರು ರೈತರಾಗಿದ್ದರೆ ಬಾಕಿ ಹಣವನ್ನು ಸುಗ್ಗಿಯ ಮೇಲೆ ಕೊಡುವ ಮಾತಾಗಿರುತ್ತದೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಅಚ್ಚುಕಟ್ಟಿನ ಊರುಗಳೆಲ್ಲ ಬೆಳೆಯ ಚಿಂತೆಗೆ ಬಿದ್ದದ್ದು ನೆನಪಿರಬಹುದು. ಬೆಳೆ ತಡವಾದರೆ ನಿಮ್ಮ ಬಾಕಿಯೂ ತಡ.

ಎರಡನೆಯದು, ಕಾಗದಪತ್ರ. ಈಗ ನಗರ, ಪಟ್ಟಣಗಳ ಆಸ್ತಿ ನೋಂದಣಿಗೆ ಇ-ಖಾತೆ ಬೇಕು. ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ದಾಖಲೆ ಬೇಕು. ನೀವು ಮೆಚ್ಚಿದ ಮನೆಗೆ ಇ-ಖಾತೆ ಇನ್ನೂ ಆಗಿಲ್ಲದಿದ್ದರೆ ಅದು ಕೈಗೆ ಬರುವವರೆಗೆ ನೋಂದಣಿ ನಿಲ್ಲುತ್ತದೆ, ನಿಮ್ಮ ಬಾಡಿಗೆ ಮಾತ್ರ ನಡೆಯುತ್ತಲೇ ಇರುತ್ತದೆ.

ಮೂರನೆಯದು, ಪಂಚಾಂಗ. ಆಷಾಢದಲ್ಲಿ ಮನೆ ಬದಲಿಸದವರು ಬಹಳ. ಚಾತುರ್ಮಾಸ್ಯದ ನಾಲ್ಕು ತಿಂಗಳೂ ಗೃಹಪ್ರವೇಶ ಇಟ್ಟುಕೊಳ್ಳದ ಮನೆತನಗಳು ನಮ್ಮಲ್ಲಿವೆ. ಜೂನ್‌ನಲ್ಲಿ ಮನೆ ಬಿಟ್ಟುಕೊಟ್ಟವರು ಕಾರ್ತಿಕದ ನಂತರವೇ ಹೊಸ ಮನೆ ಸೇರುವುದಾದರೆ ಆರು ತಿಂಗಳು ಅಲ್ಲೇ ಆಯಿತು. "ಎರಡು ತಿಂಗಳ ಮಾತು" ಎಂದುಕೊಂಡು ಹೊರಡಬೇಡಿ, ಆರು ತಿಂಗಳಿಗೆ ಲೆಕ್ಕ ಹಾಕಿ.

ಮೊದಲ ಆಯ್ಕೆ: ಮಾರಿದ ಮನೆಯಲ್ಲೇ ಬಾಡಿಗೆಗೆ ಇರುವುದು

ಕೊಂಡವರು ಕೂಡಲೇ ವಾಸಕ್ಕೆ ಬರುವುದಿಲ್ಲ ಎಂದಾದರೆ ಅವರನ್ನೇ ಕೇಳಿ ನೋಡಿ. ಉದಾಹರಣೆಗೆ ತಿಂಗಳ ಬಾಡಿಗೆ ₹10,000 ಎಂದು ಹಿಡಿಯೋಣ. ಹಳೆಯ ಮನೆಯಲ್ಲೇ ಆರು ತಿಂಗಳಿದ್ದರೆ ಖರ್ಚು ₹60,000, ಸಾಮಾನು ಸಾಗಿಸುವುದು ಒಂದೇ ಸಲ. ಬೇರೆ ಮನೆಗೆ ಹೋದರೆ ಅದೇ ₹60,000 ಜೊತೆಗೆ ಡಿಪಾಜಿಟ್ ಕಟ್ಟಬೇಕು, ಸಾಮಾನು ಎರಡು ಸಲ ಎತ್ತಬೇಕು, ಗ್ಯಾಸ್ ಮತ್ತು ವಿಳಾಸ ಎರಡು ಸಲ ಬದಲಿಸಬೇಕು.

ಆದರೆ ಇದು ಬಾಯಿಮಾತಿನಲ್ಲಿ ನಡೆಯಬಾರದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೊಂಡವರು ಕೇಳಿದಾಗ ಮಾರಿದವರು ಸ್ವಾಧೀನ ಬಿಟ್ಟುಕೊಡಬೇಕು. ಖರೀದಿ ಪತ್ರದಲ್ಲಿ "ಇಂದೇ ಸ್ವಾಧೀನ ಕೊಟ್ಟಿದ್ದೇವೆ" ಎಂದು ಬರೆದು ನೀವು ಒಳಗೇ ಉಳಿದರೆ ಮುಂದೆ ಜಗಳಕ್ಕೆ ದಾರಿ. ನೋಂದಣಿಯ ದಿನವೇ ಪ್ರತ್ಯೇಕ ಬಾಡಿಗೆ ಕರಾರು ಮಾಡಿಸಿ.

ಕೊಂಡವರಿಗೂ ಒಂದು ಭಯ ಇರುತ್ತದೆ: ಇವರು ಮನೆ ಬಿಡದಿದ್ದರೆ? ಆ ಭಯ ಕಳೆಯುವುದು ನಿಮ್ಮ ಕೈಯಲ್ಲಿದೆ. ಬಿಡುವ ದಿನಾಂಕವನ್ನು ಸ್ಪಷ್ಟವಾಗಿ ಬರೆಸಿ. ಆ ದಿನ ದಾಟಿದರೆ ಹೆಚ್ಚಿನ ಬಾಡಿಗೆ ಕೊಡುವುದಾಗಿ ಒಪ್ಪಿಕೊಳ್ಳಿ. ಬೆಲೆಯಲ್ಲಿ ಒಂದು ಸಣ್ಣ ಮೊತ್ತವನ್ನು ಬೀಗದ ಕೈ ಕೊಡುವವರೆಗೆ ಅವರ ಬಳಿಯೇ ಬಿಡಬಹುದು, ಅದೂ ಬರವಣಿಗೆಯಲ್ಲಿರಲಿ. ಅದು ಸಣ್ಣ ಮೊತ್ತವಾಗಿಯೇ ಇರಲಿ. ದೊಡ್ಡ ಬಾಕಿ ಇಟ್ಟುಕೊಂಡು ನೋಂದಣಿ ಮಾಡಿಕೊಡಬೇಡಿ.

ಬೇರೆ ಮನೆ ಹುಡುಕುವುದಾದರೆ

ರಾಯಚೂರಿನಲ್ಲಿ ರಿಮ್ಸ್ ಆಸ್ಪತ್ರೆ, ಕೃಷಿ ವಿಶ್ವವಿದ್ಯಾಲಯ, ಶಕ್ತಿನಗರದ ವಿದ್ಯುತ್ ಸ್ಥಾವರ ಇರುವುದರಿಂದ ವರ್ಗವಾಗಿ ಬಂದುಹೋಗುವ ನೌಕರರು ಹೆಚ್ಚು. ಮೇ, ಜೂನ್‌ನಲ್ಲಿ ಮನೆಗಳು ಖಾಲಿಯಾಗುತ್ತವೆ, ಶಾಲೆ ಶುರುವಾಗುವ ಹೊತ್ತಾದ್ದರಿಂದ ಅಷ್ಟೇ ಬೇಗ ತುಂಬುತ್ತವೆ. ದೇವದುರ್ಗ, ಮಾನ್ವಿಯಲ್ಲಿ ಬಾಡಿಗೆ ಮನೆಯ ಸುದ್ದಿ ಮೊಬೈಲ್ ಜಾಹೀರಾತಿಗಿಂತ ಕಿರಾಣಿ ಅಂಗಡಿ, ಅಡತಿ ಅಂಗಡಿಗಳಲ್ಲಿ ಮೊದಲು ಸಿಗುತ್ತದೆ. ಪರಿಚಿತರಿಗೆ ಹೇಳುವಾಗ ಎಷ್ಟು ತಿಂಗಳಿಗೆ ಬೇಕು ಎಂಬುದನ್ನೂ ಹೇಳಿ. ಮಗನಿಗೆ ಮದುವೆಯಾದ ಮೇಲೆ ಬೇಕಾಗುತ್ತದೆ ಎಂದು ಮೇಲಂತಸ್ತು ಖಾಲಿ ಇಟ್ಟವರು ವರ್ಷಗಟ್ಟಲೆ ಕೊಡಲು ಒಪ್ಪದಿದ್ದರೂ ಆರು ತಿಂಗಳಿಗೆ ಒಪ್ಪಬಹುದು.

ಅಂಗಡಿ, ಗೋದಾಮು ಇರುವ ಕುಟುಂಬಗಳು ಭಾರದ ಕಪಾಟು, ಮಂಚಗಳನ್ನು ಅಲ್ಲಿಟ್ಟು ಚಿಕ್ಕ ಮನೆ ಹಿಡಿದರೆ ಬಾಡಿಗೆ ಇಳಿಯುತ್ತದೆ. ಸಮಾಜದ ಧರ್ಮಶಾಲೆಗಳಿರುವುದು ಯಾತ್ರಿಕರಿಗಾಗಿ. ಸಾಮಾನು ಸಾಗಿಸುವ ಎರಡು ಮೂರು ದಿನಕ್ಕೆ ಕೇಳಬಹುದು, ತಿಂಗಳುಗಟ್ಟಲೆ ಕೇಳುವುದು ಸರಿಯಲ್ಲ. ಮಾನ್ವಿ ರಾಯಚೂರಿನಿಂದ ಸುಮಾರು 45 ಕಿ.ಮೀ., ದೇವದುರ್ಗ ಸುಮಾರು 55 ಕಿ.ಮೀ. ವ್ಯಾಪಾರ ಇನ್ನೂ ಅಲ್ಲೇ ಇದ್ದರೆ ದಿನವೂ ಬಸ್ಸಿನಲ್ಲಿ ಓಡಾಡುವ ಖರ್ಚು, ದಣಿವನ್ನೂ ಬಾಡಿಗೆಗೆ ಸೇರಿಸಿ ಲೆಕ್ಕ ಹಾಕಿ.

ಕರಾರಿನಲ್ಲಿ ಇರಬೇಕಾದ ಮಾತುಗಳು

ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುತ್ತದೆ. ಎಲ್ಲರೂ 11 ತಿಂಗಳಿಗೆ ಬರೆಸುವುದು ಇದೇ ಕಾರಣಕ್ಕೆ. ನಿಮಗೆ ಬೇಕಿರುವುದು ಆರು ತಿಂಗಳಾದರೂ 11 ತಿಂಗಳಿಗೇ ಬರೆಸಿ, "ಬಾಡಿಗೆದಾರರು ಒಂದು ತಿಂಗಳ ಮುಂಚೆ ತಿಳಿಸಿ ಬಿಡಬಹುದು" ಎಂಬ ಸಾಲು ಸೇರಿಸಿ. ಮೊದಲ ಆರು ತಿಂಗಳು ಮಾಲೀಕರು ಬಿಡಿಸುವಂತಿಲ್ಲ ಎಂಬುದೂ ಇರಲಿ. ಬರವಣಿಗೆ ಇಲ್ಲದ ತಿಂಗಳ ಬಾಡಿಗೆಯನ್ನು 15 ದಿನಗಳ ನೋಟಿಸ್ ಕೊಟ್ಟು ಮುಗಿಸಲು ಕಾಯ್ದೆಯಲ್ಲಿ ಅವಕಾಶವಿದೆ. ನೋಂದಣಿಗೆ ಕಾಯುತ್ತಿರುವ ಕುಟುಂಬಕ್ಕೆ ಅದು ದೊಡ್ಡ ಪೆಟ್ಟು.

ಡಿಪಾಜಿಟ್ ಎಷ್ಟು, ಬಿಡುವಾಗ ಎಷ್ಟು ದಿನದಲ್ಲಿ ವಾಪಸು, ಬಣ್ಣಕ್ಕೆಂದು ಎಷ್ಟು ಹಿಡಿಯುತ್ತಾರೆ ಎಂಬುದನ್ನು ಅಂಕಿಯಲ್ಲಿ ಬರೆಸಿ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟು ಡಿಪಾಜಿಟ್ ಸಾಕು ಎನ್ನುತ್ತದೆ. ರಾಜ್ಯಗಳು ತಾವಾಗಿ ಅಳವಡಿಸಿಕೊಳ್ಳದೆ ಅದು ಜಾರಿಯಾಗುವುದಿಲ್ಲ. ಆದರೂ ಚೌಕಾಸಿಗೆ ಅದೊಂದು ಒಳ್ಳೆಯ ಆಧಾರ.

ನೀರು, ಅಡುಗೆಮನೆ, ವಿದ್ಯುತ್

ಮನೆ ನೋಡಲು ಹೋದಾಗ ಮೊದಲು ನೀರು ನೋಡಿ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಜೀವ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ. ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ತೊಟ್ಟಿ ಯಾವಾಗ ತೊಳೆದಿದ್ದಾರೆ ಎಂದು ಕೇಳಿ. ಜಿಲ್ಲೆಯ ಹಲವೆಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ನಾವು ಬಟ್ಟೆಯಲ್ಲಿ ಸೋಸಿ, ಕಾಯಿಸಿ ಕುಡಿಯುತ್ತೇವೆಂಬ ಧೈರ್ಯ ಇಲ್ಲಿ ಸಾಲದು. ಸೋಸುವುದರಿಂದಾಗಲಿ ಕಾಯಿಸುವುದರಿಂದಾಗಲಿ ಫ್ಲೋರೈಡ್ ಹೋಗುವುದಿಲ್ಲ. ಕುಡಿಯುವ ನೀರಿಗೆ ಬೇರೆ ವ್ಯವಸ್ಥೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಗಳಲ್ಲಿ ಅಡುಗೆಮನೆ ಮೊದಲ ದಿನದಿಂದಲೇ ನಡೆಯಬೇಕು. ಬೇರೆ ಊರಿಗೆ ಹೋಗುವುದಾದರೆ ಗ್ಯಾಸ್ ಸಂಪರ್ಕದ ವರ್ಗಾವಣೆಯನ್ನು ಹೊರಡುವ ವಾರದ ಮೊದಲೇ ಮುಗಿಸಿ. ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು. ಹಳೆಯ ಮನೆಯ ಮೀಟರಿನಿಂದ ನಿಮ್ಮ ಆಧಾರ್ ಜೋಡಣೆ ತೆಗೆಸಿ, ಹೊಸ ಮನೆಯ ಆರ್.ಆರ್. ಸಂಖ್ಯೆಗೆ ಸೇರಿಸಿ. ಮಾಲೀಕರ ಹಳೆಯ ಜೆಸ್ಕಾಂ ಬಾಕಿ ಇದೆಯೇ ಎಂದು ಬಿಲ್ ನೋಡಿಯೇ ಒಳಗೆ ಹೋಗಿ.

ಮಾರಿದ ಹಣಕ್ಕೂ ಗಡುವಿದೆ

ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮದಾಗಿದ್ದ ಮನೆ ಮಾರಿ ಬಂದ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕಾದರೆ, ಮಾರಿದ ದಿನದಿಂದ ಎರಡು ವರ್ಷದೊಳಗೆ ಮನೆ ಕೊಳ್ಳಬೇಕು ಅಥವಾ ಮೂರು ವರ್ಷದೊಳಗೆ ಕಟ್ಟಿಸಬೇಕು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 54ನೇ ಕಲಂ, 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆ ಬದಲಾಗಿದೆ. ಆ ವರ್ಷದ ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಲಾಭದ ಹಣ ಬಳಸಿರದಿದ್ದರೆ ಅದನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು. ಸಾಮಾನ್ಯ ಎಫ್‌ಡಿ ಇದಕ್ಕೆ ನಡೆಯದು, ಗ್ರಾಮೀಣ ಶಾಖೆಗಳಲ್ಲಿ ಈ ಖಾತೆ ತೆರೆಯಲು ಬರುವುದಿಲ್ಲ. ನಡುವೆ ಕೊಟ್ಟ ಬಾಡಿಗೆಯನ್ನು ಲಾಭದಿಂದ ಕಳೆಯಲೂ ಆಗದು. ನಿಮ್ಮ ಲೆಕ್ಕಪರಿಶೋಧಕರನ್ನು ಬಯಾನಾ ಹಂತದಲ್ಲೇ ಕಾಣಿರಿ.

ಅಪಾಯ ಇನ್ನೊಂದಿದೆ. ಕೈಯಲ್ಲಿ ಹಣ ಕಂಡಾಗ ಮನೆಯವರು, ನೆಂಟರು ಕೈಸಾಲ ಕೇಳುತ್ತಾರೆ, ವ್ಯಾಪಾರವೂ ಬಂಡವಾಳ ಕೇಳುತ್ತದೆ. ಬಾಡಿಗೆ ಮನೆಯ ಆರು ತಿಂಗಳು ಆರು ವರ್ಷವಾಗುವುದು ಹೀಗೆಯೇ. ಮನೆಯ ಹಣವನ್ನು ಬೇರೆ ಖಾತೆಯಲ್ಲಿಡಿ.

ಕೆಲಸದ ಸರದಿ

ಮೊದಲು ಕೊಳ್ಳಲಿರುವ ಮನೆಯ ಇ-ಖಾತೆ, ಋಣಭಾರ ಪತ್ರ ನೋಡಿ. ನಂತರ ನಿಮ್ಮ ಮನೆ ಮಾರುವ ಕರಾರಿನಲ್ಲಿ ಬಾಕಿ ಹಣದ ದಿನ, ಮನೆ ಬಿಡುವ ದಿನ ಎರಡನ್ನೂ ಬರೆಸಿ. ಬಾಕಿ ಕೈಗೆ ಬರುವ ದಿನಕ್ಕಿಂತ ಮುಂಚಿನ ಗಡುವನ್ನು ಹೊಸ ಮನೆಯ ಬಯಾನಾದಲ್ಲಿ ಒಪ್ಪಿಕೊಳ್ಳಬೇಡಿ. ಈ ದಿನಗಳ ನಡುವೆ ಎಷ್ಟು ತಿಂಗಳು ಉಳಿಯುತ್ತದೆಯೋ ಅಷ್ಟಕ್ಕೆ ಎರಡು ತಿಂಗಳು ಸೇರಿಸಿ ಬಾಡಿಗೆ ಮನೆ ಗೊತ್ತುಮಾಡಿ. ಬಯಾನಾ ತೆಗೆದುಕೊಳ್ಳುವ ಮುನ್ನ ಈ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಹಿರಿಯರಿಗೆಲ್ಲ ತೋರಿಸಿ.