ಊರು ಕಟ್ಟುವ ಮೊದಲು ನೀರು ನೋಡು



ನಮ್ಮ ನಾಡಿನಲ್ಲಿ ಹೊಸಹಳ್ಳಿ ಎಂಬ ಊರುಗಳು ಎಷ್ಟಿವೆ? ಎಣಿಸಲು ಆಗದು. ನಮ್ಮ ಕೂಡ್ಲಿಗಿ ತಾಲೂಕಿನಲ್ಲೂ ಒಂದಿದೆ. ಹೆಸರು ಹೊಸದು, ಊರು ಹಳೆಯದು. ಯಾವುದೋ ಕಾಲದಲ್ಲಿ ಹಿರಿಯರು ಬಂದರು. ಜಾಗ ನೋಡಿದರು. ಮನೆ ಕಟ್ಟಿದರು.

ಅವರು ಮೊದಲು ಏನು ನೋಡಿರಬೇಕು? ನೀರು. ಮಳೆ ನೀರು ಎಲ್ಲಿಂದ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಿರಬೇಕು. ತಗ್ಗಿನಲ್ಲಿ ಕೆರೆ. ದಿಬ್ಬದ ಮೇಲೆ ಮನೆ. ದನ ಮೇಯಲು ಗೋಮಾಳ. ಇದಕ್ಕೇ ಈಗ ಊರಿನ ಯೋಜನೆ ಎನ್ನುತ್ತಾರೆ.

ಯೋಜನೆ ಮಾಡೋದು ಇಂಜಿನಿಯರ್ ಕೆಲಸ ಅಂತೀರಾ? ನಾವೂ ಮಾಡುತ್ತೇವಲ್ಲ! ಒಲೆ ಎಲ್ಲಿ, ಬಚ್ಚಲು ಎಲ್ಲಿ, ಹೊಗೆ ಹೋಗುವ ದಾರಿ ಎಲ್ಲಿ ಎಂದು ಮನೆಯಲ್ಲಿ ಯೋಚಿಸುವವರು ಯಾರು?

ಮನೆಯಿಂದ ಓಣಿಗೆ ಬನ್ನಿ. ನಮ್ಮ ಬಚ್ಚಲ ನೀರು ಪಕ್ಕದ ಮನೆ ಬಾಗಿಲಿಗೆ ಹೋದರೆ ಜಗಳ. ಒಬ್ಬರೇ ತಮ್ಮ ಮನೆ ಮುಂದೆ ಚರಂಡಿ ತೋಡಿದರೆ ಸಾಲದು. ಮೇಲಿನ ಮನೆಯಿಂದ ಕೆಳಗಿನ ಮನೆ ತನಕ ಇಳಿಜಾರು ಸರಿ ಇರಬೇಕು. ಇಲ್ಲದಿದ್ದರೆ ನೀರು ನಿಲ್ಲುತ್ತದೆ, ಸೊಳ್ಳೆ ಹುಟ್ಟುತ್ತವೆ. ಓಣಿಯವರೆಲ್ಲ ಕೂತು ಮಾತಾಡಲೇಬೇಕು. ಇನ್ನು ಆ ಚರಂಡಿ ಕೆರೆಗೆ ಸೇರಿತು ಅನ್ನಿ. ದನ ಕುಡಿಯುವ ನೀರು ಕೆಟ್ಟಿತು. ಆಗ ಅದು ಇಡೀ ಊರಿನ ಮಾತು.

ಊರು ಪಟ್ಟಣವಾದರೆ? ಪಟ್ಟಣ ನಗರವಾದರೆ? ಬೆಂಗಳೂರನ್ನೇ ನೋಡಿ. ನಮ್ಮ ಕಡೆಯಿಂದ ಎಷ್ಟೋ ಮಂದಿ ದುಡಿಯಲು ಅಲ್ಲಿಗೆ ಹೋಗುತ್ತಾರೆ. ಮೆಜೆಸ್ಟಿಕ್‌ನಲ್ಲಿ ಬಸ್ಸು ಇಳಿಯುತ್ತಾರೆ. ಆ ನಿಲ್ದಾಣದ ಜಾಗ ಮೊದಲು ಏನಾಗಿತ್ತು ಗೊತ್ತೇ? ಕೆರೆ! ಧರ್ಮಾಂಬುಧಿ ಕೆರೆ. ಸಂಪಂಗಿ ಕೆರೆ ಇದ್ದಲ್ಲಿ ಈಗ ಕಂಠೀರವ ಕ್ರೀಡಾಂಗಣ ಇದೆ.

ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರು ಅದು. ಹತ್ತಿರದಲ್ಲಿ ದೊಡ್ಡ ಹೊಳೆ ಇಲ್ಲ. ಅದಕ್ಕೇ ಅಲ್ಲಿ ಕೆರೆಗಳನ್ನು ಕಟ್ಟಿದರು. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಮುಂದಿನ ಕೆರೆಗೆ ಹೋಗುತ್ತಿತ್ತು. ಆಮೇಲೆ ಊರು ಬೆಳೆಯಿತು. ಸೈಟಿಗೆ ಬೆಲೆ ಬಂತು. ಎಷ್ಟೋ ಕೆರೆ ಮುಚ್ಚಿದರು, ಕಾಲುವೆ ಒತ್ತಿದರು. ನೀರು ತನ್ನ ದಾರಿ ಮರೆಯುತ್ತದೆಯೇ? 2022ರ ಮಳೆಗೆ ಬಂಗಲೆಗಳಿಗೂ ನುಗ್ಗಿತು. ಸಿರಿವಂತರೂ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು! 2024ರ ಬೇಸಿಗೆಯಲ್ಲಿ ಅದೇ ಊರಲ್ಲಿ ಬೋರ್‌ವೆಲ್ ಬತ್ತಿ, ಜನ ಕೊಡ ಹಿಡಿದು ಟ್ಯಾಂಕರ್ ಕಾದರು. ಕಾವೇರಿ ನೀರು 1974ರಿಂದ ಬರುತ್ತಿದೆ, ನಿಜ. ಆದರೆ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪು ಹಾಕಿ ಮೇಲೆ ಎತ್ತಿ ತರಬೇಕು. ಕರೆಂಟಿನ ಖರ್ಚು ಎಷ್ಟಾಗಬಹುದು, ನೀವೇ ಯೋಚಿಸಿ.

ಬೆಂಗಳೂರಿನವರನ್ನು ಬೈಯುವುದು ಸುಲಭ. ನಮ್ಮ ಕಡೆಯೂ ಹೆದ್ದಾರಿ ಪಕ್ಕದ ಹೊಲಗಳು ಸೈಟು ಆಗುತ್ತವೆ. ಹಳ್ಳ ಮುಚ್ಚಿ ಮನೆ ಕಟ್ಟುವವರು ನಮ್ಮಲ್ಲಿ ಇಲ್ಲವೇ?

ಒಳ್ಳೆಯದನ್ನು ನೋಡಲು ದೂರ ಹೋಗಬೇಕಿಲ್ಲ. ಹಂಪಿ ನಮ್ಮ ವಿಜಯನಗರ ಜಿಲ್ಲೆಯಲ್ಲೇ ಇದೆ. ಅಲ್ಲಿ ಅರಮನೆಗಳು ಬಿದ್ದುಹೋಗಿವೆ. ಆದರೆ ಆ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ಕಾಲುವೆಗಳು ಇಂದೂ ಹರಿಯುತ್ತಿವೆ. ಹೊಸಪೇಟೆಯ ಬಸವಣ್ಣ ಕಾಲುವೆ ಅಂಥದ್ದು. ಕಮಲಾಪುರದ ಕೆರೆಯೂ ಆಗಿನದೇ. ಪಂಪು ಇಲ್ಲ, ಕರೆಂಟು ಇಲ್ಲ. ಇಳಿಜಾರು ನೋಡಿ ನೀರು ಹರಿಸಿದರು. ನಮಗಂತೂ ಅರಮನೆಗಿಂತ ಆ ಕಾಲುವೆಗಳೇ ಹೆಚ್ಚು ಅನ್ನಿಸುತ್ತವೆ.

ನಮ್ಮ ಊರಿನ ಮಾತು ಯಾರು ಆಡಬೇಕು? ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು ಎಂದು ಕಾನೂನು ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರು. ಪಂಚಾಯ್ತಿಯಲ್ಲಿ ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲು. ಆದರೂ ಸಭೆಯಲ್ಲಿ ನಾವು ಹಿಂದೆ ಕೂರುತ್ತೇವೆ. ಕೊಡ ಹೊರುವವರು ನಾವು. ನಲ್ಲಿ ಎಲ್ಲಿ ಬರಬೇಕು ಎಂದು ಹೇಳುವವರು ಬೇರೆ!

ಸಭೆಗೆ ಮುಂಚೆ ಒಂದು ಕೆಲಸ ಮಾಡೋಣ. ಊರಿಗೆ ಒಂದು ಗ್ರಾಮ ನಕ್ಷೆ ಇರುತ್ತದೆ. ಅದರಲ್ಲಿ ಕೆರೆ, ಹಳ್ಳ, ಬಂಡಿದಾರಿ ಕಾಣುತ್ತವೆ. ಸರ್ವೆ ನಂಬರ್ ಇರುತ್ತದೆ. ಈಗ ನಮಗೆ ಓದು ಬರುತ್ತದೆ. ನಾಲ್ಕು ಮಂದಿ ಸೇರಿ ಹೋಗಿ ನಕ್ಷೆ ಕೇಳೋಣ. ಕೆರೆಯ ನಂಬರ್ ಹುಡುಕಿ ಚೀಟಿಯಲ್ಲಿ ಬರೆದುಕೊಳ್ಳೋಣ. ಆಮೇಲೆ ಕೆರೆ ಏರಿಯ ಮೇಲೆ ನಡೆದು, ನಕ್ಷೆಯಲ್ಲಿ ಇರುವಷ್ಟು ಕೆರೆ ನೆಲದ ಮೇಲೂ ಇದೆಯೇ ನೋಡೋಣ.