ಆರದ ಕೆಂಪು ದೀಪ

ರಾಯಚೂರಿನಿಂದ ಮಾನ್ವಿಗೆ ಹೊರಟಾಗ ಗೆಳೆಯನ ಹಳೇ ಸ್ಪೋರ್ಟ್ಸ್ ಕಾರಿನ ಬ್ರೇಕ್ ದೀಪ ಆರಲೇ ಇಲ್ಲ. "ಬಲ್ಬ್ ಕಿತ್ತು ಒಗೀರಿ, ಏನೂ ಆಗಂಗಿಲ್ಲ" ಅಂದರು ಒಬ್ಬರು. ನಾವು ಒಪ್ಪಲಿಲ್ಲ.

ಮೊದಲು ಹ್ಯಾಂಡ್‌ಬ್ರೇಕ್ ಸ್ವಿಚ್‌ನ ವೈರ್ ಬಿಚ್ಚಿದೆವು. ದೀಪ ಉರಿಯುತ್ತಲೇ ಇತ್ತು. ಬ್ರೇಕ್ ಆಯಿಲ್ ಡಬ್ಬಿಯ ಸೆನ್ಸರ್ ಪ್ಲಗ್ ತೆಗೆದೆವು, ಆರಿತು. ಅಂದರೆ ಸೂಚನೆ ಅಲ್ಲಿಂದಲೇ. ನೋಡಿದರೆ ಆಯಿಲ್ ಕಡಿಮೆ ಇತ್ತು.

ತುಂಬಿಸಿದರೆ ಮುಗೀತಾ? ಇಲ್ಲ. ಪ್ಯಾಡ್ ಸವೆದಂತೆ ಕ್ಯಾಲಿಪರ್‌ನ ಪಿಸ್ಟನ್ ಹೊರಬರುತ್ತದೆ. ಹಿಂದಿನ ಜಾಗ ತುಂಬಲು ಡಬ್ಬಿಯ ಆಯಿಲ್ ಇಳಿಯುತ್ತದೆ. ಚಕ್ರ ಬಿಚ್ಚಿದೆವು. ಸೋರಿಕೆ ಇರಲಿಲ್ಲ, ಪ್ಯಾಡ್ ಪೂರ್ತಿ ಸವೆದಿತ್ತು.

ಪ್ಯಾಡ್ ಜೊತೆ ಆಯಿಲನ್ನೂ ಬದಲಿಸಿದೆವು. ಅದು ಗಾಳಿಯ ತೇವ ಹೀರುತ್ತದೆ: ಡಾಟ್ 4 ಆಯಿಲ್‌ನ ಕನಿಷ್ಠ ಕುದಿಬಿಂದು ಹೊಸದಿದ್ದಾಗ 230 ಡಿಗ್ರಿ ಸೆಲ್ಸಿಯಸ್, ತೇವ ಹಿಡಿದಾಗ 155. ಕುದ್ದರೆ ಆವಿಯಾಗಿ, ಪೆಡಲ್ ಒತ್ತಿದರೂ ಗಾಡಿ ನಿಲ್ಲೋದಿಲ್ಲ.

ಮೊನ್ನೆ ದೇವದುರ್ಗಕ್ಕೂ ಹೋಗಿಬಂದೆವು. ದೀಪ ಹೊತ್ತಿಲ್ಲ.