ರಾಷ್ಟ್ರದ ನೀರುಗಂಟಿ: ಹಣಕಾಸು ಆಯೋಗ

ನಮ್ಮ ಬಯಲುಸೀಮೆಯ ಊರುಗಳಲ್ಲಿ ಕೆರೆಯ ತೂಬನ್ನೆತ್ತಿ, ಮೊದಲ ಗದ್ದೆಯವನ ಆತುರಕ್ಕೂ ಕಡೆಯ ಗದ್ದೆಯವನ ಅಳಲಿಗೂ ಸಮನಾಗಿ ಕಿವಿಗೊಟ್ಟು, ಸರದಿ ತಪ್ಪದಂತೆ ನೀರು ಹಾಯಿಸುತ್ತಿದ್ದ ನೀರುಗಂಟಿಯನ್ನು ಬಲ್ಲವರಿಗೆ, ಭಾರತ ಸಂವಿಧಾನದ 280ನೆಯ ಅನುಚ್ಛೇದದಿಂದ ಜನ್ಮತಳೆದ ಹಣಕಾಸು ಆಯೋಗದ ಸ್ವರೂಪವನ್ನು ಗ್ರಹಿಸುವುದು ಪ್ರಯಾಸದ ಮಾತೇನಲ್ಲ. ಆದಾಯ ತೆರಿಗೆ, ಕಂಪನಿ ತೆರಿಗೆ, ಆಮದು ಸುಂಕ ಮೊದಲಾದ ತುಂಬು ಹರಿವಿನ ಬಾಬುಗಳು ಕೇಂದ್ರದ ಕೈಯಲ್ಲಿದ್ದು, ಶಾಲೆ, ಆಸ್ಪತ್ರೆ, ನೀರಾವರಿ, ಪೊಲೀಸು ಮುಂತಾದ ನಿತ್ಯವೆಚ್ಚಗಳ ಹೊರೆ ರಾಜ್ಯಗಳ ಹೆಗಲೇರಿರುವುದರಿಂದ, ಇವೆರಡರ ನಡುವಣ ಅಂತರವನ್ನು ದಾಕ್ಷಿಣ್ಯದಿಂದಲ್ಲ, ನ್ಯಾಯದಿಂದ ತುಂಬಬೇಕೆಂಬುದೇ ಈ ವ್ಯವಸ್ಥೆಯ ಮೂಲಾಶಯ.

ಐದು ವರ್ಷಕ್ಕೊಮ್ಮೆ, ಅಗತ್ಯ ಬಿದ್ದರೆ ಅದಕ್ಕೂ ಮೊದಲೇ, ರಾಷ್ಟ್ರಪತಿಗಳು ಅಧ್ಯಕ್ಷರೊಬ್ಬರನ್ನೂ ನಾಲ್ವರು ಸದಸ್ಯರನ್ನೂ ಇದಕ್ಕೆ ನಿಯಮಿಸುತ್ತಾರೆ. 1951ರಲ್ಲಿ ಕೆ. ಸಿ. ನಿಯೋಗಿಯವರ ಅಧ್ಯಕ್ಷತೆಯಲ್ಲಿ ರಚಿತವಾದ ಪ್ರಥಮ ಆಯೋಗವು ಆದಾಯ ತೆರಿಗೆಯ ನಿವ್ವಳ ಉತ್ಪತ್ತಿಯಲ್ಲಿ ನೂರಕ್ಕೆ 55ರಷ್ಟನ್ನು ರಾಜ್ಯಗಳಿಗಿತ್ತು, ಆ ಪಾಲಿನ ನೂರರಲ್ಲಿ 80 ಭಾಗವನ್ನು ಜನಸಂಖ್ಯೆಗೂ 20 ಭಾಗವನ್ನು ವಸೂಲಿಗೂ ಅನುಗುಣವಾಗಿ ಹಂಚಿತು. 2000ದ 80ನೆಯ ತಿದ್ದುಪಡಿಯಿಂದ ಕೇಂದ್ರದ ತೆರಿಗೆಗಳೆಲ್ಲವೂ ಒಂದೇ ಕೆರೆಗೆ ಹರಿದುಬಂದವು. ಸೆಸ್ಸು, ಮೇಲ್ತೆರಿಗೆಗಳು ಮಾತ್ರ ಇಂದಿಗೂ ಈ ತೂಬಿಗೆ ಸಿಕ್ಕದ ನೀರಾಗಿಯೇ ಉಳಿದಿವೆ. ವೈ. ವಿ. ರೆಡ್ಡಿಯವರ 14ನೆಯ ಆಯೋಗವು ರಾಜ್ಯಗಳ ಒಟ್ಟು ಪಾಲನ್ನು ನೂರಕ್ಕೆ 42ಕ್ಕೇರಿಸಿದರೆ, ಎನ್. ಕೆ. ಸಿಂಗ್ ಅವರ 15ನೆಯ ಆಯೋಗವು ಅದನ್ನು 41ಕ್ಕೆ ನಿಲ್ಲಿಸಿತು.

ಆ 15ನೆಯ ಆಯೋಗದ ತಕ್ಕಡಿಯನ್ನು ತುಸು ಸಮೀಪದಿಂದ ನೋಡೋಣ. ನೂರು ತೂಕದಲ್ಲಿ 45, ಮೇಲ್ಮಟ್ಟದ ರಾಜ್ಯದ ತಲಾ ಆದಾಯಕ್ಕಿಂತ ಪ್ರತಿಯೊಂದು ರಾಜ್ಯವೂ ಎಷ್ಟು ಹಿಂದುಳಿದಿದೆಯೆಂಬ ಅಂತರಕ್ಕೆ. 15 ಜನಸಂಖ್ಯೆಗೆ, 15 ವಿಸ್ತೀರ್ಣಕ್ಕೆ, 10 ಅರಣ್ಯ ಮತ್ತು ಪರಿಸರಕ್ಕೆ, 12.5 ಜನಸಂಖ್ಯಾ ನಿಯಂತ್ರಣದ ಸಾಧನೆಗೆ, ಉಳಿದ 2.5 ತೆರಿಗೆ ಸಂಗ್ರಹದ ಶ್ರದ್ಧೆಗೆ. ಹೀಗೆ ತೂಗಿದಾಗ, ಹಿಂದಿನ ಆಯೋಗದಲ್ಲಿ ನೂರಕ್ಕೆ 4.713ರಷ್ಟಿದ್ದ ಕರ್ನಾಟಕದ ಪಾಲು 3.647ಕ್ಕೆ ಇಳಿಯಿತು.

ಕಡೆಯ ಗದ್ದೆಗೆ ನೀರು ಮುಟ್ಟಲೇಬೇಕು. ಬಡ ರಾಜ್ಯದ ಮಗುವೂ ಈ ದೇಶದ ಮಗುವೇ ಆದುದರಿಂದ ಅದರಲ್ಲಿ ವಿವಾದಕ್ಕೆ ಎಡೆಯಿಲ್ಲ. ಆದರೆ ಕಾಲುವೆಯ ಹೂಳೆತ್ತಿ ಬದುವನ್ನು ಕಾಪಾಡಿದವನ ಪೈರು ಒಣಗಿದರೆ, ಮುಂದಿನ ಸಾಲಿಗೆ ಹಾರೆ ಹಿಡಿಯುವ ಉತ್ಸಾಹ ಯಾರಿಗುಳಿದೀತು? ಕೊರತೆಯನ್ನು ಕರುಣೆಯಿಂದಲೂ ಪರಿಶ್ರಮವನ್ನು ಗೌರವದಿಂದಲೂ ಕಾಣುವ ತಕ್ಕಡಿಯೇ ಒಕ್ಕೂಟಕ್ಕೆ ಶೋಭೆ.

ಆಯೋಗಕ್ಕೆ ಆಜ್ಞಾಪಿಸುವ ಅಧಿಕಾರವಿಲ್ಲ. ಅದರದು ಶಿಫಾರಸು ಮಾತ್ರ. ಆದರೂ ತೆರಿಗೆಯ ಪಾಲಿನ ವಿಷಯದಲ್ಲಿ ಸರ್ಕಾರಗಳು ಅದರ ಮಾತನ್ನು ಬಹುಮಟ್ಟಿಗೆ ಮನ್ನಿಸುತ್ತ ಬಂದಿರುವುದು ನಮ್ಮ ಪ್ರಜಾಸತ್ತೆಯ ಸತ್ಪರಂಪರೆಗಳಲ್ಲೊಂದು. 281ನೆಯ ಅನುಚ್ಛೇದದಂತೆ ಅದರ ವರದಿ, ಕೈಗೊಂಡ ಕ್ರಮದ ವಿವರಣೆಯೊಡನೆ, ಸಂಸತ್ತಿನ ಉಭಯ ಸದನಗಳ ಮುಂದೆ ಬರಲೇಬೇಕು. ನಮ್ಮ ಊರಿನ ಶಾಲೆಯ ಛಾವಣಿಯೂ ಬೀದಿಯ ದೀಪವೂ ಆ ಪುಟಗಳಲ್ಲಿ ಅಡಗಿರುವುದರಿಂದ, ಅವನ್ನು ತೆರೆದು ಓದುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯ.